ಇದು ಯಾವ ಮನೆಯ ಹಕ್ಕಿ?

ನಮ್ಮ ದೊಡ್ಡಮ್ಮನಿಗೆ ಗುರುತಿಲ್ಲದ ಹಕ್ಕಿ ಈ ಭೂಮಿಯ ಮೇಲೆ ಇರಲಿಲ್ಲ ಎಂದರೆ ನೀವು ಅವಳನ್ನು ದೊಡ್ಡ ಪಕ್ಷಿತಜ್ಞೆ ಎಂದುಕೊಳ್ಳುತ್ತೀರಿ. ಛೇ, ಹಾಗೇನಿಲ್ಲ! ಕಾಗೆ, ಕೋಗಿಲೆ, ಗಿಳಿ ಬಿಟ್ಟರೆ ಬೇರೆ ಹಕ್ಕಿಯ ಹೆಸರೇ ಅವಳಿಗೆ ಬರುತ್ತಿರಲಿಲ್ಲ. ಆದರೆ ಹಿತ್ತಲಿಗೆ ಹೊಸ ಹಕ್ಕಿಯೊಂದು ಬಂತೋ, ಅದು ಯಾವ ಮನೆಯದು, ಯಾವ ಕಡೆಯ ನೆಂಟಸ್ತಿಕೆ, ಗುಣ ಎಂಥದು ಎಂಬುದನ್ನೆಲ್ಲ ಸಂಜೆಯೊಳಗೆ ತೀರ್ಮಾನಿಸಿಬಿಡುತ್ತಿದ್ದಳು.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ನೀರು ಬೆಲ್ಲ, ಆಮೇಲೆ ವಿಚಾರಣೆ. ದೊಡ್ಡಮ್ಮ ಈ ಮರ್ಯಾದೆಯನ್ನು ರೆಕ್ಕೆಯಿದ್ದವರಿಗೂ ಕೊಟ್ಟಿದ್ದಳು, ಅಷ್ಟೇ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತೆಂಗಿನ ಗೆರಟೆಯಲ್ಲಿ ನೀರು, ಬಾಳೆಲೆ ಚೂರಿನ ಮೇಲೆ ಬೆಲ್ಲ ಇಟ್ಟು, "ಹ್ವಾಯ್, ಯಾರ್ ಮನಿಯವ್ರ್? ಎಲ್ಲಿಂದ ಬಪ್ದ್?" ಎಂದು ಶುರುಮಾಡುವಳು. ಯಾವ ಹಕ್ಕಿ ಬೆಲ್ಲ ತಿನ್ನುತ್ತದೆ? ಬೆಲ್ಲಕ್ಕೆ ಇರುವೆ ಮುತ್ತುತ್ತಿತ್ತು, ಇರುವೆ ಹೆಕ್ಕಲು ಹಕ್ಕಿ ಬರುತ್ತಿತ್ತು. "ಕಂಡ್ಯಾ, ನಾಚ್ಕಿ ಬಿಡ್ತ್!" ಎಂದು ಇವಳು ಹಿಗ್ಗುತ್ತಿದ್ದಳು.

ಅರವತ್ತರ ದಶಕದ ಕೊನೆಯಲ್ಲಿ ನಾನು ಕುಂದಾಪುರದ ಕಾಲೇಜಿಗೆ ಹೋಗಲೆಂದು ತೆಕ್ಕಟ್ಟೆಯ ಅವಳ ಮನೆಯಲ್ಲಿದ್ದೆ. ತಲೆಯ ಮೇಲೆ ಬೀಸಣಿಗೆಯಂಥ ಜುಟ್ಟು ಬಿಚ್ಚಿಕೊಂಡು ಒಂದು ಹಕ್ಕಿ ಬಂದಾಗ, ಯಕ್ಷಗಾನದ ವೇಷದ ತಲೆಯುಡುಗೆ ನೆನಪಾಗಿ ದೊಡ್ಡಮ್ಮ ನಕ್ಕಿದ್ದೇ ನಕ್ಕಿದ್ದು. "ಪಾಪ, ಆಟದ್ ಮೇಳದವ್ನ್ ಮಾರಾಯ್ತಿ. ಬೆಳಗಾರೂ ಮುಂದಲೆ ಬಿಚ್ಚೂಕ್ ಪುರ್ಸೊತ್ತಿಲ್ಲೆ!" ಉದ್ದ ಬಿಳಿ ಬಾಲದ ಇನ್ನೊಂದು ಹಕ್ಕಿ ಬಚ್ಚಲ ನೀರಿನಲ್ಲಿ ಮುಳುಗೆದ್ದು ಕೊಂಬೆ ಏರಿತು. ಅದು ಪುರೋಹಿತರ ಮನೆಯದಂತೆ. "ಮಿಂದಾಯ್ತ್, ಇನ್ ನಮ್ಮನೆದ್ ಎಂತದೂ ಮುಟ್ಟೂದಿಲ್ಲೆ" ಎಂದು ಬೆಲ್ಲವನ್ನು ಒಳಗೆ ತಂದಳು.

ಇಂಥ ದೊಡ್ಡಮ್ಮನೂ ಒಮ್ಮೆ ಸೋತಳು. ದೀಪಾವಳಿ ಕಳೆದ ಹೊಸತರಲ್ಲಿ, ಬೇಲಿ ಪಕ್ಕದ ಹಲಸಿನ ಮರದ ಬುಡಕ್ಕೆ ಒಂದು ಮೋಟುಬಾಲದ ಹಕ್ಕಿ ಬಂತು. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಬಾಲದಡಿ ಕುಂಕುಮ, ಕಣ್ಣಿಗೆ ದಪ್ಪ ಕಾಡಿಗೆ. ತರಗೆಲೆಯಲ್ಲಿ ಸರಸರ ಕುಪ್ಪಳಿಸುವುದು, ಅಡುಗೆಮನೆಯ ಬಾಗಿಲು ನೋಡುವುದು, ಯಾರಾದರೂ ಹೊರಗೆ ಬಂದರೆ ಬೇಲಿಯಾಚೆ ಸರಿಯುವುದು. ಒಗೆಯುವ ಕಲ್ಲಿನ ತನಕ ಬರಲೇ ಇಲ್ಲ. ಬೆಲ್ಲ ಕರಗಿಹೋಯಿತು.

ನಾನು ಕಾಲೇಜಿನ ಮೇಷ್ಟರನ್ನು ಕೇಳಿಕೊಂಡು ಬಂದು ಗತ್ತಿನಿಂದ ಹೇಳಿದೆ: "ಅದ್ ನವರಂಗ ಅಂಬ್ರ್. ಹಿಮಾಲಯದ್ ಬದಿಯಿಂದ ಬತ್ತ್ ಅಂಬ್ರ್."

"ಹೆಸರ್ ಕಟ್ಕಂಡ್ ಎಂತ ಮಾಡೂದ್? ಅಷ್ಟ್ ದೂರದಿಂದ ಬಂದದ್ ಒಳ್ಗ್ ಬಾರ್ದೆ ಬೇಲಿ ಬುಡ್ದಲ್ಲೇ ನಿಂತ್ಕಂಬುದಾ?"

ನಾನು ನಕ್ಕೆ. ಅವಳು ನಗಲಿಲ್ಲ.

ಆ ವಾರ ದೊಡ್ಡಪ್ಪ ಸ್ನಾನದ ಒಲೆಗೆಂದು ಹಿಡಿಸೂಡಿ ಹಿಡಿದು ತರಗೆಲೆ ಗುಡಿಸಲು ಹೊರಟರು. ದೊಡ್ಡಮ್ಮ ಹಲಸಿನ ಮರಕ್ಕೆ ಅಡ್ಡ ನಿಂತುಬಿಟ್ಟಳು. "ಇಲ್ಲ್ ಗುಡ್ಸೂಕಾಗ."

"ಒಂದ್ ಹಕ್ಕಿ ಸಲುವಾಯ್ ನಾನ್ ತಣ್ಣೀರ್ ಮೀಯ್ಕಾ?"

"ಮಿಂದ್ರೆ ಎಂತ ಆತ್ತ್? ಅದ್ ಯಾರಂದೇಳಿ ನಂಗ್ ಗೊತ್ತಾಯ್ತ್. ಅದ್ ಬೈಂದೂರ್ ಬದಿದ್. ನನ್ನ ತಮ್ಮನ್ ಕ್ರಮವೇ ಅದ್ಕೂ ಇತ್."

ನನ್ನ ನಗು ಅಲ್ಲಿಗೆ ನಿಂತಿತು. ಕುಂದಾಪುರ ದಾಟಿ ಆಚೆ ಇರುವ ಬೈಂದೂರು ದೊಡ್ಡಮ್ಮನ ತವರು. ಅಲ್ಲಿಯ ಒಂದು ಮದುವೆಯಲ್ಲಿ ಅವಳ ತಮ್ಮ ಬಡಿಸುತ್ತಿದ್ದ ಪಾಯಸ ಎರಡನೆಯ ಸುತ್ತಿನಲ್ಲಿ ದೊಡ್ಡಪ್ಪನ ಎಲೆಯನ್ನು ದಾಟಿ ಮುಂದೆ ಹೋಗಿತ್ತು! "ಇನ್ನು ನಿಮ್ಮ ಮನೆಯ ನೀರು ಮುಟ್ಟುವುದಿಲ್ಲ" ಎಂದರು ದೊಡ್ಡಪ್ಪ. "ನಿಮ್ಮ ಮನೆಯದನ್ನು ನಾನೂ ಮುಟ್ಟುವುದಿಲ್ಲ" ಎಂದರು ತಮ್ಮ. ಪಾಯಸಕ್ಕೆ ಸಿಟ್ಟು, ನೀರಿಗೆ ಶಿಕ್ಷೆ! ಆಮೇಲೆ ತಮ್ಮ ಬಂದರೂ ಹಿತ್ತಲ ಬೇಲಿಯ ತನಕ ಮಾತ್ರ. ಹಲಸಿನ ಬುಡದಲ್ಲಿ ನಿಂತು, ಅಕ್ಕ ಹೊರಗೆ ಬಂದರೆ ಎರಡು ಮಾತಾಡಿ, ಬಾಯಾರಿದ್ದರೂ ಹಾಗೆಯೇ ಹೋಗುತ್ತಿದ್ದರು. ಒಮ್ಮೆ ದೊಡ್ಡಪ್ಪ ಕಿಟಕಿಯಲ್ಲಿ ನಿಂತು ಜೋರಾಗಿ ಕೆಮ್ಮಿದರು. ಆ ಕೆಮ್ಮಿನ ಮೇಲೆ ಅದೂ ನಿಂತುಹೋಗಿತ್ತು.

ದೊಡ್ಡಪ್ಪ ಹಿಡಿಸೂಡಿಯನ್ನು ಗೋಡೆಗೆ ಒರಗಿಸಿದರು. ಮರುದಿನ ಬೆಳಿಗ್ಗೆ ತಣ್ಣೀರಲ್ಲೇ ಮಿಂದು, ನಡುಗುತ್ತ, "ಬ್ರಹ್ಮಾವರಕ್ಕೆ ಹೋಯ್ ಬತ್ತೆ" ಎಂದು ಹೊರಟರು. ಕಾಲೇಜಿಗೆ ಹೋಗುವ ನಾನು ಬಸ್ಸಿಗೆ ನಿಂತರೆ, ಇವರೂ ನನ್ನ ಬದಿಯಲ್ಲೇ ನಿಂತಿದ್ದಾರೆ! ಬ್ರಹ್ಮಾವರದ ಬಸ್ಸು ನಿಲ್ಲುವುದು ರಸ್ತೆಯ ಆಚೆ. ಹೇಳಲು ಬಾಯಿ ತೆರೆದೆ. ಅವರು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದರು.

ಸಂಜೆ ನಾನೂ ದೊಡ್ಡಮ್ಮನೂ ಅಡುಗೆಮನೆಯಲ್ಲಿದ್ದೆವು. ಹಿತ್ತಲಲ್ಲಿ ತರಗೆಲೆ ಸರಸರ ಎಂದಿತು. "ನಿನ್ನ ನವರಂಗ ಬಂತ್ ಕಾಣ್" ಎಂದಳು ದೊಡ್ಡಮ್ಮ, ತಿರುಗದೆ. ನಾನು ಇಣುಕಿದೆ. ಹಲಸಿನ ಬುಡದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬರು ನಿಂತಿದ್ದರು. ಕರೆದುಕೊಂಡು ಬಂದ ದೊಡ್ಡಪ್ಪ ಮುಂಬಾಗಿಲಿಂದ ಒಳಗೆ ಬಂದು ಕೂತರೂ, ಇವರ ಕಾಲು ರೂಢಿಯಂತೆ ಬೇಲಿಗೇ ಬಂದಿತ್ತು. ಜಗಲಿಯಿಂದ ದೊಡ್ಡಪ್ಪ ಕೆಮ್ಮಿದರು. ಈ ಸಲ ಅದು 'ಒಳಗೆ ಬಾ' ಎನ್ನುವ ಕೆಮ್ಮು.

ದೊಡ್ಡಮ್ಮ ಹೊರಗೆ ಬಂದಳು. ಇನ್ನು ವಿಚಾರಣೆ ಶುರು ಎಂದು ನಾನು ಕಾದೆ. ಅವಳು ಒಳಗೆ ಓಡಿ, ಚೊಂಬಿನಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ತಂದು ಹಲಸಿನ ಬುಡಕ್ಕೇ ಹೋದಳು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡು ಗಟಗಟ ಕುಡಿದರು. ಊರ ಹಕ್ಕಿಗಳನ್ನೆಲ್ಲ ತಡೆದು ಕೇಳುತ್ತಿದ್ದ ನಮ್ಮ ದೊಡ್ಡಮ್ಮ, ಚೊಂಬು ಖಾಲಿಯಾಗುವ ತನಕ ತಮ್ಮನ ಮುಖ ನೋಡುತ್ತ ನಿಂತಿದ್ದಳು. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.