ಕರಡಿಯ ಪಂಕ್ತಿಯಲ್ಲಿ ನಮ್ಮ ಕಾಕಾ

ಲೋಕದವರು ಮುಖ ನೋಡಿ ಯೋಗ್ಯತೆ ಅಳೆಯುತ್ತಾರೆ. ನಮ್ಮ ಕಾಕಾ ಮಾತ್ರ ಸಕಲ ಜೀವರಾಶಿಯನ್ನೂ ಹಿಂದಿನಿಂದಲೇ ಅರ್ಥ ಮಾಡಿಕೊಂಡವರು! ಎಪ್ಪತ್ತರ ದಶಕದಲ್ಲಿ ಅವರು ವಿಜಾಪುರದ ಒಂದು ಸಣ್ಣ ಪ್ರಾಣಿಸಂಗ್ರಹಾಲಯದಲ್ಲಿ ಪ್ರಾಣಿ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಊರೆಲ್ಲ ಪೇಪರ್ ಓದಿದರೆ, ಅಕ್ಷರ ಬಾರದ ಕಾಕಾ ಲದ್ದಿ ಓದುತ್ತಿದ್ದರು.

ಒಮ್ಮೆ ಅಲ್ಲಿನ ಮುದಿ ಕರಡಿ ಅನ್ನ ನೀರು ಬಿಟ್ಟಿತು. ಜೊತೆಗೆ ಕಾಕಾನೂ ರೊಟ್ಟಿ ಬಿಟ್ಟರು!

"ಹೊಟ್ಯಾಗ ಹುಳ ಆಗ್ಯಾವ್ರಿ. ಹಿಂಗ ಬಿಟ್ರ ವಾರ ದಾಟೂದಿಲ್ಲ," ಎಂದರು ಕಾಕಾ.

"ಮುಪ್ಪು ಬಂದೈತಪ್ಪಾ ಅದಕ್ಕ. ಕಾಣಲಾರದ ಹುಳಕ್ಕ ಹೆಂಗ ಔಷಧ ಕೊಡ್ಲಿ?" ಎಂದರು ದನದ ಡಾಕ್ಟರು.

ಕಾಣಿಸಿಕೊಡುವವನು ನಾನಿದ್ದೆನಲ್ಲ! ನಮ್ಮ ಮನೆತನದಲ್ಲೇ ಮೊದಲ ಬಿ.ಎಸ್ಸಿ. ಬಸ್ಸು ತಪ್ಪಿದ ದಿನ ನಮ್ಮೂರು ತಿಕೋಟಾದಿಂದ ವಿಜಾಪುರಕ್ಕೆ ನಡೆದೇ ಹೋಗಿ ಓದಿದವನು. ಆಗಷ್ಟೇ ಕಾಲೇಜಿನ ಪ್ರಯೋಗಾಲಯದಲ್ಲಿ ನೌಕರಿ ಹಿಡಿದಿದ್ದೆ. ಸಂಜೆ ಕಾಕಾ ಬುತ್ತಿ ಡಬ್ಬಿಯಲ್ಲಿ ಕರಡಿಯ ಲದ್ದಿ ತುಂಬಿಕೊಂಡು ಮನೆಗೆ ಬಂದರು. ಮರುದಿನ ಇಬ್ಬರೂ ತಿಕೋಟಾದಲ್ಲಿ ವಿಜಾಪುರದ ಬಸ್ಸು ಹತ್ತಿದೆವು. ಡಬ್ಬಿ ಕಾಕಾನ ತೊಡೆಯ ಮೇಲೆ, ಕೂಸಿನಂತೆ!

ಪಕ್ಕದ ಹೆಣ್ಣುಮಗಳು ಕೇಳಿದಳು: "ಯಾರ ಬುತ್ತಿರೀ, ಇಷ್ಟ ಜ್ವಾಕಿ?"

"ಕರಡೀದು."

"ಯವ್ವಾ! ಕರಡಿ ರೊಟ್ಟಿ ತಿಂತೈತೇನ್ರಿ?"

"ತಿಂದೈತ್ರಿ. ಇದು ತಿಂದ ಮ್ಯಾಲಿಂದು."

ವಿಜಾಪುರದ ತನಕ ಆ ಸೀಟಿನಲ್ಲಿ ನಾವಿಬ್ಬರೇ!

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಹುಳದ ಮೊಟ್ಟೆಗಳು, ರಾಶಿ ರಾಶಿ! ಇಷ್ಟು ಕಷ್ಟಪಟ್ಟು ತಂದ ಪದವಿಯ ಮೊದಲ ಉಪಯೋಗ ಇದೇ ನೋಡಿ. ಕಾಕಾನೂ ಇಣುಕಿದರು. "ಇಷ್ಟ ಸಣ್ಣದ್ದು ಅಂಥಾ ಕರಡೀನ ಕೆಡವತೈತೇನಲೇ?"

ಡಾಕ್ಟರು ಒಪ್ಪಿ ಔಷಧ ಕೊಟ್ಟರು. ಬೆಲ್ಲದುಂಡೆಯಲ್ಲಿ ಅಡಗಿಸಿ ಕೊಟ್ಟರೆ ಕರಡಿ ಮೂಸಿ ಮುಖ ತಿರುಗಿಸಿತು. ಕಾಕಾ ಪಂಜರದ ಎದುರು ಚಕ್ಕಂಬಕ್ಕಳ ಹಾಕಿ ಕೂತರು. ಉಂಡೆಯ ತುದಿ ಮುರಿದು ತಾವೇ ಬಾಯಿಗೆ ಹಾಕಿಕೊಂಡು ನುಂಗಿದರು. "ಏನೂ ಆಗಲಿಲ್ಲ ನೋಡಲೇ, ತಿನ್ನ." ಕರಡಿ ಸ್ವಲ್ಪ ಹೊತ್ತು ನೋಡಿ, ಉಳಿದದ್ದನ್ನು ತಿಂದಿತು.

"ನೀವ್ಯಾಕ ತಿಂದ್ರಿ?" ಡಾಕ್ಟರು ಹೌಹಾರಿದರು.

"ಪಂಗತ್ಯಾಗ ನೀಡಿದವ ಉಣ್ಣಲಿಲ್ಲಂದ್ರ ಕೂತವಗ ಸಂಶೆ ಬರತೈತ್ರಿ!"

ಎರಡು ದಿನ ಯಾರಿಗೂ ಸಮಾಧಾನವಿಲ್ಲ. ಮೂರನೆಯ ದಿನ ಕಾಕಾ ಕಾಲೇಜಿಗೇ ಓಡಿಬಂದರು. "ಬಿದ್ದುವಲೇ ಹುಳ!"

"ಯಾರಿಗೆ?"

"ಇಬ್ಬರಿಗೂ!"

ಅಂದು ಕರಡಿ ನಾಲ್ಕು ರೊಟ್ಟಿ ತಿಂದಿತು, ಕಾಕಾ ಐದು. ನನಗೋ, ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಕ್ಕೂ ನಕ್ಕೂ ಸಾಕಾಯಿತು. ನಗುತ್ತಲೇ ಒಂದು ನೆನಪು ಬಂತು.

ನನ್ನನ್ನು ಶಾಲೆಗೆ ಹಾಕಿದ ದಿನ, ಬಾಗಿಲ ಕಂಬ ಹಿಡಿದು ಒಳಗೆ ಹೋಗಲೊಲ್ಲೆನೆಂದು ಅತ್ತಿದ್ದೆ. ಕಾಕಾ ನನ್ನ ಕೈಯಿಂದ ಪಾಟಿ ಇಸಿದುಕೊಂಡು, ತಾವೇ ಮೊದಲು ಒಳಗೆ ಹೋಗಿ ಸಣ್ಣ ಮಕ್ಕಳ ಸಾಲಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು. ಮಾಸ್ತರರು ನಕ್ಕರು, ಮಕ್ಕಳು ನಕ್ಕರು. ಕಾಕಾ ಪಾಟಿಯ ಮೇಲೆ ಒಂದು ಸೊಟ್ಟ ಗೆರೆ ಎಳೆದು ನನ್ನತ್ತ ಹಿಡಿದರು.

"ಏನೂ ಆಗಲಿಲ್ಲ ನೋಡಲೇ, ಬಾ."

ನಾನು ಕಂಬ ಬಿಟ್ಟು ಒಳಗೆ ಹೋದೆ.