ಶಿಖರದ ಮೇಲಿನ ಜಾಡಿ

ಬಿಳಿಗಡ್ಡವನ್ನು ನೀವಿಕೊಳ್ಳುತ್ತ, ಹುಲಿಯನ್ನು ಮನೆಯ ಬೆಕ್ಕಿನಂತೆ ಮಗ್ಗುಲಲ್ಲಿ ಕೂರಿಸಿಕೊಂಡು, ಏರುವವರ ಉಬ್ಬಸವನ್ನೂ ಇಳಿಯುವವರ ಬಡಾಯಿಯನ್ನೂ ಸಮಚಿತ್ತದಿಂದ ಆಲಿಸುವ ಗಿರಿದೇವನಿಗೆ ಮೊದಲ ವಂದನೆ. ಆತನಿಗೂ ತನ್ನ ವಿಹಾರದ ಹಿಂದೆ ಗುಡಿಯೊಂದಕ್ಕೆ ಜಾಗ ಕೊಟ್ಟ ಕರುಣಾಳು ಬುದ್ಧಭಗವಂತನಿಗೆ ಮರುವಂದನೆ. ಅವರ ಅನುಗ್ರಹದಿಂದ ಈ ಕಥೆ ದಾರಿ ತಪ್ಪದೆ ಗುರಿ ಮುಟ್ಟಲಿ.

ತಾಕ್ ದಾಲ್ಸುವಿನ ಸಂಕಟಕ್ಕೆಲ್ಲ ಮೂಲ ಒಂದು ಸಣ್ಣ ಕುತೂಹಲ. ಕೊರಿಯಾದ ದೇಗು ನಗರದಲ್ಲಿ ಕಿಟಕಿ ಚೌಕಟ್ಟು ಮಾಡುವ ಕಂಪನಿಯೊಂದರ ಗುಮಾಸ್ತನಾಗಿದ್ದ ಆತ ಅಲ್ಲಿನ ‘ಭಾನುವಾರದ ಶಿಖರ ಸಂಘ’ದ ನಿಷ್ಠಾವಂತ ಸದಸ್ಯ. ಹಿಮಾಲಯಕ್ಕೂ ಸಾಲುವಂಥ ಬೂಟುಗಳು, ಜೋಡಿ ಊರುಗೋಲು, ಗಾಳಿ ತೂರದ ಅಂಗಿ, ಎಲ್ಲವೂ ಆತನಲ್ಲಿದ್ದವು. ಇಲ್ಲದ್ದು ಒಂದೇ: ಶಿಖರದರ್ಶನ. ವರ್ಷಗಟ್ಟಲೆ ಸಂಘದೊಡನೆ ಹೋಗಿಯೂ ಆತ ಬೆಟ್ಟದ ತುದಿಯನ್ನು ಕಂಡವನಲ್ಲ.

ಏಕೆಂದರೆ ಸಂಘದ ಅಧ್ಯಕ್ಷರೂ ಕಚೇರಿಯ ಮುಖ್ಯಸ್ಥರೂ ಆದ ಮೇಂಗ್ ಸಾಹೇಬರ ಪರ್ವತಾರೋಹಣವು ಬೆಟ್ಟದ ಬುಡದ ಹೋಟೆಲಿನಲ್ಲಿಯೇ ಪರಿಸಮಾಪ್ತವಾಗುತ್ತಿತ್ತು. ಈರುಳ್ಳಿ ಸೊಪ್ಪಿನ ದೋಸೆ, ಅಕ್ಕಿಯ ಹೆಂಡ, ಬಳಿಕ ಹಿತ್ತಿಲಲ್ಲಿ ಫೋಟೋ. ಗಿರಾಕಿಗಳ ಮನವರಿತ ಯಜಮಾನಿಯು ಶಿಖರದಲ್ಲಿರುವಂಥದೇ, ಬೆಟ್ಟದ ಹೆಸರು ಕೆತ್ತಿದ ಕಲ್ಲೊಂದನ್ನು ಅಲ್ಲಿ, ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿಯ ಜಾಡಿಯೊಂದರ ಮುಂದೆ, ನೆಡಿಸಿದ್ದಳು. ಕ್ಯಾಮೆರಾವನ್ನು ತುಸು ತಗ್ಗಿಸಿ ಹಿಡಿದರೆ ಹಿಂದೆ ಆಕಾಶವಷ್ಟೇ ಕಾಣುವುದು. ಆ ಚಿತ್ರಗಳು ಚೌಕಟ್ಟು ಧರಿಸಿ ಮೇಂಗರ ಮನೆಯ ಗೋಡೆ ಏರುತ್ತಿದ್ದವು. ಸಾಹೇಬರ ಮಡಿಸುವ ಕುರ್ಚಿ, ಹಾಡಿನ ಪೆಟ್ಟಿಗೆ, ಕಲ್ಲಂಗಡಿ ಹಣ್ಣುಗಳನ್ನು ಹೊತ್ತು ತಂದು, ಫೋಟೋದ ಮೂಲೆಯಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಲ್ಲುವುದು ದಾಲ್ಸುವಿನ ಪಾಲಿನ ಪುಣ್ಯ.

‘ಅಲ್ಲಾ, ಆ ತುದಿಯಲ್ಲಿ ನಿಜಕ್ಕೂ ಏನಿದ್ದೀತು?’ ಎಂಬ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಆತನನ್ನು ಕಾಡತೊಡಗಿತು. ಶರತ್ಕಾಲದ ಹಬ್ಬ ಹತ್ತಿರವಾಗಿತ್ತು. ಪೂರ್ವಜರ ಸಮಾಧಿಗಳ ಹುಲ್ಲು ಕೊಯ್ಯುವ ಕಾಲ. ಆ ಕಾರ್ಯಕ್ಕೆ ಅಡ್ಡಬರುವ ಮೇಲಧಿಕಾರಿ ಕೊರಿಯಾ ದೇಶದಲ್ಲಿ ಇನ್ನೂ ಹುಟ್ಟಿಲ್ಲ.

“ಸಾಹೇಬ್ರೆ, ಈ ಭಾನುವಾರ ನಮ್ಮ ತಾತನ ಸಮಾಧಿ...”

“ಹೋಗ್ಬಾರಯ್ಯ, ಹೋಗ್ಬಾ! ಹಿರಿಯರ ಕೆಲಸ,” ಎಂದ ಮೇಂಗ್ ನಿಟ್ಟುಸಿರಿಟ್ಟರು. “ಆದ್ರೆ ಕಲ್ಲಂಗಡಿ ಹೊರೋರು ಯಾರು?”

ತಾತನ ಹೆಸರಿನಲ್ಲಿ ಸುಳ್ಳಾಡಿದ್ದಕ್ಕೆ ದಾಲ್ಸುವಿನ ಎದೆ ಚುರುಕ್ಕೆಂದಿತು. ಆದರೂ ಕುತೂಹಲವೇ ಗೆದ್ದಿತು. ಸಂಘದವರ ಕಣ್ಣಿಗೆ ಬೀಳದಿರಲು ಯಾವ ಸ್ಥಳ ಸುರಕ್ಷಿತ? ಅದೇ ಬೆಟ್ಟದ ಶಿಖರ! ಅವರಾರೂ ಅಲ್ಲಿಗೆ ಬರುವವರಲ್ಲ.

ಭಾನುವಾರ ಆತ ಹೆಂಡತಿಯ ಹೂವಿನ ಟೋಪಿ, ಕಪ್ಪು ಕನ್ನಡಕ, ಬೆಟ್ಟದಲ್ಲಿ ಹೆಂಗಸರು ಬಿಸಿಲಿಗೆಂದು ಕಟ್ಟಿಕೊಳ್ಳುವ ಮುಸುಕು ಧರಿಸಿ ಹೊರಟನು. ಮೂಗಿನ ತುದಿಯೂ ಹೊರಗಿರಲಿಲ್ಲ. ಆದರೆ ದಾರಿ ಹೋಟೆಲಿನ ಹಿತ್ತಿಲನ್ನು ಒರಸಿಕೊಂಡೇ ಹೋಗುತ್ತಿತ್ತು.

“ತಾಯಿ! ಓ ಹೂವಿನ ಟೋಪಿಯಮ್ಮ!” ಮೇಂಗರ ಕೂಗು. “ಯಜಮಾನಿ ದೋಸೆ ಹುಯ್ತಾ ಇದಾಳೆ. ನಮ್ದೊಂದು ಫೋಟೋ ತೆಗೆದುಕೊಡಿ.”

ದಾಲ್ಸು ಸೊಂಟ ತುಸು ಬಳುಕಿಸಿ, ಬಾಯಿ ತೆರೆಯದೆ ಮೊಬೈಲು ಇಸಕೊಂಡನು.

“ಆ ಮೂಲೇಲಿ ನಮ್ ಹುಡುಗನೊಬ್ಬ ನಿಂತ್ಕೋತಿದ್ದ,” ಎಂದರು ಮೇಂಗ್. “ಇವತ್ತು ಹುಲ್ಲು ಕೊಯ್ಯೋಕೆ ಹೋಗಿದಾನೆ. ಒಳ್ಳೆ ಕತ್ತೆ, ಪಾಪ.”

ಲೆಕ್ಕಪತ್ರ ವಿಭಾಗದ ಸುನ್‌ಹಿ ಕಣ್ಣರಳಿಸಿದಳು. “ಅಮ್ಮಾ, ನಿಮ್ಮ ಬೂಟು ಗಂಡಸರದ್ದಲ್ವಾ?”

ದಾಲ್ಸು ಫೋಟೋ ಒತ್ತಿ, ಮೊಬೈಲನ್ನು ಕಲ್ಲಿನ ಮೇಲಿಟ್ಟು, ನಾಯಿ ಬೆನ್ನಟ್ಟಿದ ಮೊಲದಂತೆ ಪೈನ್ ಮರಗಳ ನಡುವೆ ಮಾಯವಾದನು.

ಗಿರಿದೇವನ ಗುಡಿಯ ಬಳಿ, ವಿಹಾರದ ಕಡೆಯ ದಾರಿ ಬಂದು ಸೇರುವಲ್ಲಿ, ಆತ ಕುಸಿದು ಕುಳಿತನು. ಪಕ್ಕದ ಬಂಡೆಯ ಮೇಲೆ, ಆತನಂತೆಯೇ ಮುಸುಕಿನಲ್ಲಿ ಮುಳುಗಿದ್ದ ಹೆಂಗಸೊಬ್ಬಳು ಸೌತೆಕಾಯಿ ಮುರಿದು ಅರ್ಧವನ್ನು ಚಾಚಿದಳು. ಬೆಟ್ಟದಲ್ಲಿ ಕೊಟ್ಟದ್ದನ್ನು ಒಲ್ಲೆನ್ನುವುದು ಮಹಾಪರಾಧ. ಆತ ಮುಸುಕು ಇಳಿಸಿ ಕಡಿದನು.

ಆಕೆ ಆತನನ್ನು ಒಂದು ಗಳಿಗೆ ನೋಡಿದಳು. “ಒಬ್ರೇ ಬಂದ್ರಾ ಅಣ್ಣ? ಜೊತೆಗಾರರಿಲ್ವಾ?”

“ಇದಾರಕ್ಕ, ಕೆಳಗೆ. ಅವರಿಗೆ ಬೆಟ್ಟ ಅಂದ್ರೆ ದೋಸೆ.”

“ಹೌದಾ! ಆಮೇಲೆ?”

ಆ ‘ಆಮೇಲೆ’ಗೆ ಎಂಥ ಶಕ್ತಿಯೋ! ಇಬ್ಬರೂ ಜೊತೆಗೂಡಿ ಹತ್ತಿದ ಮೊದಲ ಏರಿನಲ್ಲಿ ಕುರ್ಚಿಯ ಕಥೆ ಹೊರಬಿತ್ತು. ಕಲ್ಲುಮೆಟ್ಟಿಲುಗಳಲ್ಲಿ ಕಲ್ಲಂಗಡಿಯ ಕಥೆ. ಹಗ್ಗ ಹಿಡಿದೇರುವ ಬಂಡೆಯಲ್ಲಿ, “ನಮ್ಮ ಸಾಹೇಬ್ರು ಕುಡಿದು ‘ನಾನು ಬೆಟ್ಟದ ಹುಲಿ’ ಅಂತಾರೆ. ಮೆಟ್ಲು ಕಂಡ್ರೆ ಮಂಡಿ ಹಿಡ್ಕೋತಾರೆ,” ಎಂದುಬಿಟ್ಟನು. ಆಕೆ ಹಗ್ಗ ಬಿಟ್ಟು ಬೀಳುವಷ್ಟು ನಕ್ಕಳು.

“ನೀವ್ಯಾಕಕ್ಕ ಬಂದ್ರಿ?”

“ಬಹಳ ದಿನದ ಒಂದು ಸಂಶಯ. ತುದಿಗೆ ಹೋದ್ರೆ ತೀರತ್ತೆ.”

ಕೊನೆಗೆ ಶಿಖರ! ಗಾಳಿ, ಬೆಳಕು, ಅಲೆ ಮೇಲೆ ಅಲೆಯಾಗಿ ನೀಲಿ ಬೆಟ್ಟಗಳು. ನಡುವೆ, ಋಷಿಯಂತೆ ಒಂಟಿಯಾಗಿ ನಿಂತ ನಿಜವಾದ ಕಲ್ಲು. ದಾಲ್ಸುವಿನ ಕಣ್ಣು ತುಂಬಿ ಬಂತು. ಆದರೆ ಆ ಹೆಂಗಸು ನೋಟದ ಕಡೆ ತಿರುಗಲೇ ಇಲ್ಲ. ಕಲ್ಲನ್ನು ಪ್ರದಕ್ಷಿಣೆ ಹಾಕಿದಳು, ಪೊದೆಯಲ್ಲಿ ಇಣುಕಿದಳು.

“ಏನ್ ಹುಡುಕ್ತಿದೀರಕ್ಕ?”

“ಜಾಡಿ.”

“ಯಾವ ಜಾಡಿ?”

“ಕಿಮ್ಚಿ ಜಾಡಿ.” ಆಕೆ ಮುಸುಕು ಕಳಚಿ, ಚೀಲದಿಂದ ಫೋಟೋ ತೆಗೆದಳು. ಕಲ್ಲಿಗೊರಗಿ ಬೀಗುತ್ತಿರುವ ಮೇಂಗ್. ಕಲ್ಲಿನ ಹಿಂದಿನಿಂದ ಇಣುಕುವ ಕಂದು ಜಾಡಿಯ ಹೊಟ್ಟೆ. ಮೂಲೆಯಲ್ಲಿ ಕಣ್ಣು ಕಿರಿದು ಮಾಡಿದ ದಾಲ್ಸು. “ಬೆಟ್ಟದ ತುದೀಲಿ ಕಿಮ್ಚಿ ಹಾಕೋರ್ಯಾರು ಅಂತ ನಮ್ಮ ಯಜಮಾನ್ರನ್ನ ಕೇಳಿ ಕೇಳಿ ಸಾಕಾಯ್ತು. ನಿಮ್ಮನ್ನ ಸೌತೆಕಾಯಿ ತಿನ್ನುವಾಗ್ಲೇ ಗುರುತು ಹಿಡಿದೆ ಅಣ್ಣ.”

ದಾಲ್ಸು ಹೂವಿನ ಟೋಪಿ ಕಿತ್ತು ಕೈಮುಗಿದನು. “ಅಮ್ಮಾವ್ರೇ! ನನ್ನ ಕೆಲಸ ಹೋಗತ್ತೆ. ನಾನಿವತ್ತು ತಾತನ ಸಮಾಧಿ ಹತ್ರ ಇದೀನಿ!”

“ಹೆದರ್ಬೇಡಿ. ನಿಮ್ಮ ಹೆಸರೂ ಎತ್ತಲ್ಲ, ನಿಜ ಗೊತ್ತಾಯ್ತು ಅಂತಾನೂ ಹೇಳಲ್ಲ. ಬೆಟ್ಟದಯ್ಯನ ಆಣೆ.” ಆಕೆಯ ಕಣ್ಣುಗಳು ಮಿನುಗಿದವು. “ಒಂದೇ ಒಂದು ಆಸೆ ಮುಂದಿಡ್ತೀನಿ, ಅಷ್ಟೆ. ನಮ್ಮನೆ ಹುಲಿಯ ಬೆನ್ನೇ ಬಗ್ಗಬೇಕು!”

ಸೋಮವಾರ ಬೆಳಗ್ಗೆ ಮೇಂಗ್ ದಾಲ್ಸುವನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದರು. ಮುಖ ಹಳಸಿದ ಅನ್ನದಂತಿತ್ತು.

“ನೋಡಯ್ಯ, ನಮ್ಮ ಮನೆಯಾಕೆ ಬರೋ ಭಾನುವಾರ ನಮ್ಮ ಜೊತೆ ತುದಿಗೆ ಬರ್ತಾಳಂತೆ. ಫೋಟೋದಲ್ಲಿರೋ ಕಲ್ಲು, ಅದರ ಹಿಂದಿನ ಜಾಡಿ, ಎರಡರ ಪಕ್ಕ ನಿಂತು ಫೋಟೋ ತೆಗೆಸ್ಕೋಬೇಕಂತೆ. ಹಟ ಹಿಡಿದು ಕೂತಿದಾಳೆ.”

“ಕಲ್ಲು ಮೇಲೂ ಇದೆ ಸಾಹೇಬ್ರೆ.”

“ನಿಂಗ್ಹೇಗೆ ಗೊತ್ತು?”

“ಯಾ... ಯಾರೋ ಅಂದ್ರು.”

“ಸದ್ಯ! ಹಾಗಾದ್ರೆ ಜಾಡಿ ಒಂದೇ ಬಾಕಿ,” ಎಂದ ಮೇಂಗರ ಮುಖ ಅರಳಿತು. “ನಾವು ಏರೋದ್ರೊಳಗೆ ನೀನು ಅದನ್ನ ಹೊತ್ಕೊಂಡು ಹೋಗಿ ಮೇಲಿಟ್ಟಿರು.”

“ಸಾಹೇಬ್ರೆ, ಆ ದಿನ ನಮ್ಮ ತಾತನ...”

“ಹುಲ್ಲು ನಿನ್ನೆ ತಾನೇ ಕೊಯ್ದೆಯಲ್ಲಯ್ಯ! ತಾತನ ಆಶೀರ್ವಾದ ಇನ್ನೂ ಬಿಸಿಬಿಸಿ ಇದೆ. ಬೆನ್ನು ಗಟ್ಟಿಯಾಗಿರತ್ತೆ.”

ದಾಲ್ಸು ಹೆಗಲು ತಡವಿಕೊಂಡನು. “ಖಾಲಿ ಜಾಡಿ ತಾನೇ ಸಾಹೇಬ್ರೆ?”

“ಖಾಲಿಯಾದ್ರೆ ಗಾಳಿಗೆ ಉರುಳತ್ತಂತೆ. ಹೋಟೆಲ್ ಯಜಮಾನಿ ಕಿಮ್ಚಿ ತುಂಬಿಸೇ ಕೊಡ್ತಾಳೆ.”

ಈ ಕಥೆಯನ್ನು ಕೇಳಿದವರ, ಕೇಳಿಸಿದವರ ಮಂಡಿಗಳು ಗಟ್ಟಿಯಾಗಿರಲಿ. ಅವರ ಹೊರೆ ಹಗುರವಾಗಲಿ. ಅವರ ಹಿರಿಯರು ಸುಳ್ಳನ್ನು ಮನ್ನಿಸುವಷ್ಟು ದಯಾಳುಗಳಾಗಿರಲಿ. ಗಿರಿದೇವನು ಎಲ್ಲರಿಗೂ ಒಮ್ಮೆಯಾದರೂ ನಿಜವಾದ ಶಿಖರವನ್ನು, ಬರಿಗೈಯಲ್ಲಿ ಏರಿ, ಕಾಣುವ ಭಾಗ್ಯವನ್ನು ಕರುಣಿಸಲಿ. ಮಂಗಳವಾಗಲಿ.