ಒಂದು ವಸ್ತು, ಒಂದು ನಂಬರು

ಎಲ್ಲಾ ಶುರುವಾದದ್ದು ಒಂದು ರೇಡಿಯೇಟರಿನಿಂದ. ಬಸ್ ಕಂಪನಿ ಮಾಲೀಕ ಮುಕುಂದಯ್ಯನವರ ಬಸ್ಸೊಂದು ಆಗುಂಬೆ ಘಾಟಿಯಲ್ಲಿ ಹಬೆ ಉಗುಳಿ ನಿಂತಾಗ ಅವರದೇ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಡಿಪೋದವರು ತಮ್ಮಲ್ಲಿ ರೇಡಿಯೇಟರ್ ಇಲ್ಲವೆಂದು ಕೈಯಲ್ಲಾಡಿಸಿಬಿಟ್ಟಿದ್ದರು. ಮಂಗಳೂರಿನಿಂದ ಹೊಸದು ತರಿಸಿ ಹಾಕಿದ ಎಂಟನೇ ದಿನ ಹೊಸನಗರದ ಡಿಪೋ ಮೂಲೆಯಲ್ಲಿ ಯಾರೋ ಗೋಣಿ ಸರಿಸಿದರೆ, ಮದುವೆ ಹೆಣ್ಣಿನ ಹಾಗೆ ಮಿಂಚುತ್ತಾ ರೇಡಿಯೇಟರೊಂದು ಕೂತಿತ್ತು. ಸ್ಟಾಕ್ ಪುಸ್ತಕದಲ್ಲಿ ಅದರ ಹೆಸರು ‘ಒಡಕು ಬಾನಿ’ ಎಂದಿತ್ತು.

ಇದರಿಂದ ಕೆಟ್ಟದ್ದು ಸಾಗರದ ಸ್ಟೋರಿನ ಗುಮಾಸ್ತ ಕೆರಿಯಪ್ಪನ ಸೋಮವಾರ. ಬೆಳಿಗ್ಗೆ ಆರೂವರೆಗೇ ಮುಕುಂದಯ್ಯ ಅವನನ್ನು ಕರೆಸಿದರು.

“ಸಂಜೆ ಆರಕ್ಕೆ ಶಿವಮೊಗ್ಗದ ಕಂಪ್ಯೂಟರಿನವರು ಬರ್ತಾರೆ. ಅಷ್ಟೊತ್ತಿಗೆ ಮೂರೂ ಡಿಪೋದ ಸಾಮಾನು ಒಂದೇ ಪಟ್ಟೀಲಿರ್ಬೇಕು. ಒಂದು ವಸ್ತು, ಒಂದು ಹೆಸರು, ಒಂದು ನಂಬರು. ಮಾಸ್ಟರ್ ಲಿಸ್ಟ್ ಅಂತಾರಂತೆ ಅದಕ್ಕೆ. ಮೂರು ಫೋರ್‌ಮನ್‌ಗಳ ರುಜು ಹಾಕಿಸ್ಕೊಂಡು ಬಾ. ಆಮೇಲೆ ನನ್ನ ಕೇಳದೆ ಒಂದು ನಟ್ಟಿನ ಹೆಸರೂ ಬದಲಾಗಬಾರ್ದು.”

“ಒಂದೇ ದಿನಕ್ಕೆ ಆಗ್ತದಾ ಸಾರ್?”

“ತೀರ್ಥಹಳ್ಳಿ ಸ್ಟೋರ್‌ಕೀಪರ್ ರಿಟೈರ್ ಆಗಿ ತಿಂಗಳಾಯ್ತಲ್ಲ? ಪಟ್ಟಿ ಸರಿಯಾಗಿ ತಂದ್ರೆ ಆ ಕೆಲಸ ನಿಂಗೆ.”

ಕೆರಿಯಪ್ಪ ಕೆಂಪು ಪೆನ್ಸಿಲ್ ಜೇಬಿಗೆ ಹಾಕಿಕೊಂಡು ಹೊರಟ. ಮೂರು ವರ್ಷದಿಂದ ಅವನು ಸಾಗರದ ಬಾಡಿಗೆ ಕೋಣೆಯಲ್ಲಿ. ಹೆಂಡತಿ ಗಂಗಾ ತೀರ್ಥಹಳ್ಳಿಯ ಶಾಲೆಯಲ್ಲಿ ಟೀಚರು. ಭಾನುವಾರ ಬಂದು ಭಾನುವಾರವೇ ಓಡುವ ಈ ಅಪ್ಪನನ್ನು ಎರಡು ವರ್ಷದ ಮಗಳು ‘ಬಸ್ ಮಾಮ’ ಎಂದು ಕರೆಯುತ್ತಿದ್ದಳು. ಹಾಗೆ ಕರೆದಾಗಲೆಲ್ಲ ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ, ಆಮೇಲೆ ಬಸ್ಸಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ.

ಸಾಗರದ ಪಟ್ಟಿ ಅವನ ಕೈಯಲ್ಲೇ ಇದ್ದದ್ದು, ಆದರೂ ಅಲ್ಲೇ ಅರ್ಧ ಗಂಟೆ ಹಾಳಾಯಿತು. ಹಗಲು ಪಾಳಿಯವರು ‘ಕೊಕ್ಕೆ’ ಅನ್ನುವುದನ್ನೇ ರಾತ್ರಿ ಪಾಳಿಯವರು ‘ಕುಡಗೋಲು’ ಅನ್ನುತ್ತಿದ್ದರು. ಎರಡನ್ನೂ ಒಂದು ಮಾಡಿದರೆ ರಾತ್ರಿಯವರ ಮರ್ಯಾದೆ ಹೋಗುತ್ತದೆಂದು ಫೋರ್‌ಮನ್ ಭೂತಪ್ಪ ಹಟ ಹಿಡಿದ. ಕೊನೆಗೆ ‘ಕೊಕ್ಕೆ, ಅಂದರೆ ಕುಡಗೋಲು’ ಎಂದು ಬರೆದು ರುಜು ಹಾಕಿಸಿಕೊಂಡು, ಹೊರಟೇಬಿಟ್ಟಿದ್ದ ಬಸ್ಸಿಗೆ ಕೆರಿಯಪ್ಪ ಓಡಿ ನೇತುಬಿದ್ದ.

ಹೊಸನಗರದ ಫೋರ್‌ಮನ್ ಮಂಜಯ್ಯ ಪುಸ್ತಕ ಮುಂದಿಟ್ಟು ಎಲೆಯಡಿಕೆ ಹಾಕುತ್ತಾ ಕೂತ. ಕೆರಿಯಪ್ಪ ವಾಚು ನೋಡಿದ. ಒಂಬತ್ತಾಗಿತ್ತು. ಪುಸ್ತಕದ ತುಂಬ ಬರೀ ಕಸ: ಹರಿದ ಗೋಣಿ ಹನ್ನೊಂದು, ಮುರಿದ ಮೊರ ನಾಲ್ಕು, ತೂತು ಚೊಂಬು ಆರು. ಬಸ್ ಕಂಪನಿಗೆ ಮೊರ ಯಾಕೆಂದು ಯೋಚಿಸುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಕೆಂಪು ಪೆನ್ಸಿಲ್ ತೆಗೆದು ‘ಹರಿದ ಗೋಣಿ’ಯ ಮೇಲೆ ಗೀಟು ಹಾಕಿದ.

“ಎಂತ ಮಾಡ್ತಿದೀಯ?” ಮಂಜಯ್ಯನ ಬಾಯಲ್ಲಿದ್ದ ಎಲೆಯಡಿಕೆ ನಿಂತುಹೋಯಿತು.

“ಕಸ ಅಲ್ದಾ? ಪಟ್ಟಿಯಿಂದ ತೆಗೆದ್ರೆ ಗುಜರಿಗೆ ಹಾಕ್ತಾರೆ.”

ಮಂಜಯ್ಯ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದ. ದನಿ ತಗ್ಗಿಸಿ, “ಮಾರಾಯ, ಅವು ಕ್ಲಚ್ ಪ್ಲೇಟು,” ಅಂದ.

ವಿಷಯ ಹೊರಬಿತ್ತು. ಒಳ್ಳೆಯ ಸಾಮಾನನ್ನು ಅದರ ಹೆಸರಲ್ಲೇ ಬರೆದರೆ, ಬೇರೆ ಡಿಪೋದ ಬಸ್ಸು ಕೆಟ್ಟಾಗ ಮುಕುಂದಯ್ಯ ಎತ್ತಿಸಿಕೊಂಡು ಹೋಗುತ್ತಾರೆ. ಹರಿದ ಗೋಣಿಯನ್ನು ಯಾರು ಕೇಳುತ್ತಾರೆ? ಹದಿನೈದು ವರ್ಷದಿಂದ ಎಲ್ಲಾ ಫೋರ್‌ಮನ್‌ಗಳೂ ಹೀಗೇ ಮಾಡಿಕೊಂಡು ಬಂದಿದ್ದರು. ಸ್ವಂತ ಡಿಪೋದ ಬಸ್ಸಿನ ಮೇಲಿನ ಪ್ರೀತಿ, ಅಷ್ಟೇ.

“ನಿಜವಾದ ಹೆಸರು ಹೇಳಿ. ಇಲ್ಲಿಂದ ಒಂದು ಬೋಲ್ಟೂ ಅಲುಗದ ಹಾಗೆ ನಾ ನೋಡ್ಕೋತೀನಿ,” ಎಂದು ಕೆರಿಯಪ್ಪ ಮಾತು ಕೊಟ್ಟ. ಆ ಮಾತು ಕೊಡಲು ತನಗೇನು ಅಧಿಕಾರವೆಂದು ಅವನೂ ಯೋಚಿಸಲಿಲ್ಲ, ಮಂಜಯ್ಯನೂ ಕೇಳಲಿಲ್ಲ. ಮುರಿದ ಮೊರಗಳು ರೇಡಿಯೇಟರುಗಳಾದವು, ತೂತು ಚೊಂಬುಗಳು ಡೈನಮೋಗಳಾದವು.

ತೀರ್ಥಹಳ್ಳಿ ಬಸ್ಸಿನಲ್ಲಿ ನಿಂತುಕೊಂಡೇ, ಬೆನ್ನು ಕೊಟ್ಟಿದ್ದ ಯಾರದೋ ಹೆಗಲ ಮೇಲೆ ಕಾಗದವಿಟ್ಟು ನಂಬರು ಬರೆದ. ಬಸ್ಸು ಕುಲುಕಿದಾಗಲೆಲ್ಲ ಏಳು ಒಂಬತ್ತಾಗುತ್ತಿತ್ತು. “ಇನ್ನೂ ಎಷ್ಟು ನಂಬರಿದೆ ಸ್ವಾಮಿ, ಹೆಗಲು ನೋಯ್ತದೆ,” ಅಂದಿತು ಹೆಗಲು. ನಡುವೆ ಕರು ಅಡ್ಡ ಬಂತು, ಡ್ರೈವರು ಇಳಿದು ಕಾಫಿ ಕುಡಿದ, ಯಾರದೋ ಮೂಟೆ ಟಾಪಿನಿಂದ ಉರುಳಿತು. ತೀರ್ಥಹಳ್ಳಿ ಮುಟ್ಟುವಾಗ ಒಂದೂಕಾಲು. ಎರಡೂವರೆಯ ಬಸ್ಸು ತಪ್ಪಿದರೆ ಆರಕ್ಕೆ ಸಾಗರವಿಲ್ಲ.

ಅಲ್ಲಿನ ಫೋರ್‌ಮನ್ ಹೂವಯ್ಯ ಮಂಜಯ್ಯನಷ್ಟು ಮೆತ್ತಗಿನವನಲ್ಲ. ಕೆರಿಯಪ್ಪ ಇಲ್ಲೂ ಅದೇ ಉಪಾಯ ಹೂಡಿ ‘ಒಲೆಗುಂಡು ಮೂರು’ ಹೊಡೆದುಹಾಕಿದ, ಹೂವಯ್ಯ ಮಿಸುಕಲಿಲ್ಲ. ‘ನಾಯಿ ಮಲಗುವ ಹಲಗೆ’ ಹೊಡೆದ, ಆಗಲೂ ಇಲ್ಲ. ‘ಸತ್ತ ಎಮ್ಮೆಯ ಗಂಟೆ’ ಹೊಡೆದಾಗ ಹೂವಯ್ಯ ಆಕಳಿಸಿದ. ಗಂಟೆ ಎರಡಾಯಿತು. ಕೆರಿಯಪ್ಪನ ಅಂಗಿ ಬೆನ್ನಿಗಂಟಿತ್ತು.

ಅಷ್ಟರಲ್ಲಿ ಗಂಡ ಬಂದನೆಂದು ಯಾರೋ ಹೇಳಿ, ಗಂಗಾ ಶಾಲೆಯ ಊಟದ ಬಿಡುವಿನಲ್ಲಿ ಮಗುವನ್ನು ಎತ್ತಿಕೊಂಡು ಬುತ್ತಿ ಹಿಡಿದು ಡಿಪೋಗೇ ಬಂದಳು.

“ಇದೆಂತದ್ರೀ, ಸೋಮವಾರ ಬಂದಿದೀರಿ?”

ಕೆರಿಯಪ್ಪ ಎಲ್ಲಾ ಹೇಳಿಬಿಟ್ಟ. ಪಟ್ಟಿ ಸರಿಯಾದರೆ ವರ್ಗ, ತಪ್ಪಾದರೆ ಮತ್ತೆ ಭಾನುವಾರಗಳು. ಮಗು ಹೂವಯ್ಯನತ್ತ ಬೆರಳು ತೋರಿಸಿ, “ಅಪ್ಪ?” ಅಂತ ಕೇಳಿತು.

ಹೂವಯ್ಯ ಕಲ್ಲಲ್ಲ. “ನೀನೇ ಇಲ್ಲಿಗೆ ಸ್ಟೋರ್‌ಕೀಪರ್ ಆಗಿ ಬತ್ತೀಯ ಅಂತ ಮೊದ್ಲೇ ಹೇಳಕ್ಕೆ ಏನಾಗಿತ್ತು? ನಮ್ಮವನೇ ಆದ್ಮೇಲೆ ಮುಚ್ಚಿಡದು ಎಂತಕ್ಕೆ?” ಎಂದು ಬೀಗದ ಕೈ ತೆಗೆದ. ಒಲೆಗುಂಡುಗಳು ಎಂಜಿನ್ ಹೆಡ್ಡುಗಳಾಗಿದ್ದವು. ನಾಯಿ ಮಲಗುವ ಹಲಗೆ ಎಂದರೆ ಪೆಟ್ಟಿಗೆಯಿಂದಲೇ ತೆಗೆಯದ ಹೊಸ ಗೇರ್‌ಬಾಕ್ಸು. ಸತ್ತ ಎಮ್ಮೆಯ ಗಂಟೆ ಮಾತ್ರ ಸತ್ತ ಎಮ್ಮೆಯ ಗಂಟೆಯೇ. ಹೂವಯ್ಯನಿಗೆ ಅದರ ಮೇಲೆ ಅಭಿಮಾನ.

“ಇಲ್ಲಿಂದ ಏನೂ ಹೊರಗೆ ಹೋಗಬಾರ್ದು, ಮತ್ತೆ,” ಎಂದು ರುಜು ಹಾಕುವಾಗ ಹೂವಯ್ಯ ಹೇಳಿದ.

“ನಾನೇ ಇರ್ತೀನಲ್ಲ, ಹೇಗೆ ಹೋಗ್ತದೆ?” ಅಂದ ಕೆರಿಯಪ್ಪ. ಬುತ್ತಿ ಬಿಚ್ಚದೆ ಬಸ್ಸಿಗೆ ಓಡಿದ. ಗಂಗಾ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೈ ಬೀಸಿದಳು. ಮೂರು ವರ್ಷದಲ್ಲಿ ಮೊದಲ ಸಲ ಅವಳು ಬೇಸರವಿಲ್ಲದೆ ಕೈ ಬೀಸಿದ್ದು ಅವನಿಗೆ ಕಂಡಿತು.

ಆರಕ್ಕೆ ಐದು ನಿಮಿಷವಿರುವಾಗ ಕೆರಿಯಪ್ಪ ಏದುಸಿರು ಬಿಡುತ್ತಾ ಸಾಗರದ ಆಫೀಸಿನೊಳಗೆ ಬಂದು ಪಟ್ಟಿ ಮೇಜಿನ ಮೇಲಿಟ್ಟ. ಕಂಪ್ಯೂಟರಿನವರು ಹಾಳೆ ಹಾಳೆ ಮಗುಚಿ, ಇಷ್ಟು ಚೊಕ್ಕ ಪಟ್ಟಿ ಶಿವಮೊಗ್ಗದಲ್ಲೇ ನೋಡಿಲ್ಲ ಅಂದರು. ಮುಕುಂದಯ್ಯ ಕನ್ನಡಕ ಏರಿಸಿ ಓದುತ್ತಾ ಹೋದರು. ರೇಡಿಯೇಟರು ಒಂಬತ್ತು, ಡೈನಮೋ ಹನ್ನೆರಡು, ಗೇರ್‌ಬಾಕ್ಸು ಎರಡು. ಅವರ ಮುಖ ಮೊದಲು ಕೆಂಪಾಗಿ, ಆಮೇಲೆ ಅರಳಿತು.

“ಮೂರು ವರ್ಷ ಏನೂ ಕೊಳ್ಳೋ ಹಾಗಿಲ್ಲ ನಾನು. ಭೇಷ್, ಕೆರಿಯಪ್ಪ. ನಿನ್ನಂಥೋನು ಒಬ್ಬ ಇದ್ರೆ ಸಾಕು ನೋಡು.”

“ಎಲ್ಲಾ ನಿಮ್ಮ ಆಶೀರ್ವಾದ ಸಾರ್.”

“ಹದಿನೈದು ವರ್ಷ ಮೂರು ಬೀಗ ಹಾಕಿ ಮೂರು ಸುಳ್ಳು ಸಾಕಿದೆ. ಇನ್ನು ಒಂದೇ ಸ್ಟೋರು, ಒಂದೇ ಬೀಗ. ನಾಳೆ ಲಾರಿ ತಗೊಂಡು ಹೋಗು. ಹೊಸನಗರದ್ದು, ತೀರ್ಥಹಳ್ಳಿದು ಎಲ್ಲಾ ತುಂಬಿಸ್ಕೊಂಡು ಬಂದು ಇಲ್ಲಿ ಹಾಕ್ಸು. ಯಾವುದು ಏನು ಅಂತ ಗೊತ್ತಿರೋನು ನೀನೊಬ್ನೇ.”

ಕೆರಿಯಪ್ಪನ ಕಣ್ಮುಂದೆ ಮೊದಲು ಮಂಜಯ್ಯ ಬಂದ, ಆಮೇಲೆ ಬೀಗದ ಕೈ ಹಿಡಿದ ಹೂವಯ್ಯ ಬಂದ. ತನ್ನ ಕೈಯಲ್ಲಿ ಇನ್ನೂ ಬಿಚ್ಚದ ಬುತ್ತಿಯಿತ್ತು.

“ತರ್ತೀನಿ ಸಾರ್,” ಅಂದ. “ಆದ್ರೆ ನನ್ನ ವರ್ಗ...”

“ಎಲ್ಲಿಗೆ?”

“ಬೆಳಿಗ್ಗೆ ಹೇಳಿದ್ರಲ್ಲ ಸಾರ್. ತೀರ್ಥಹಳ್ಳಿ ಸ್ಟೋರಿಗೆ.”

ಮುಕುಂದಯ್ಯ ಪಟ್ಟಿಯಿಂದ ತಲೆಯೆತ್ತಿ, ನಿಜವಾಗಿಯೂ ಅರ್ಥವಾಗದವರ ಹಾಗೆ ಅವನನ್ನು ನೋಡಿದರು.

“ಯಾವ ಸ್ಟೋರು?”